ವೈಕಿಂಗರಿಗೆ ಹೆಸರಿಟ್ಟ ನಂಜಣ್ಣ

ಸುಟ್ಟ ಮೋಟರನ್ನು ನಂಜಣ್ಣ ಮೊದಲು ಮೂಸಿ ನೋಡುತ್ತಿದ್ದ. ಬಿಚ್ಚುವುದು ಆಮೇಲೆ. "ಇದು ನೀರಿಲ್ದೆ ಓಡೈತೆ", "ಇದು ಕರೆಂಟು ಸಾಲ್ದೆ ಒದ್ದಾಡೈತೆ" ಎಂದು ವಾಸನೆಯಲ್ಲೇ ಕಾರಣ ಹೇಳುತ್ತಿದ್ದ. ತಂದವನು ತನ್ನ ತಪ್ಪೇನಿಲ್ಲ ಎಂದು ವಾದಿಸಿದರೆ, "ಮೋಟ್ರು ಸುಮ್‌ಸುಮ್ನೆ ಸುಡಾಕಿಲ್ಲ ಕಣ್ಲಾ. ನೀನೇನೋ ಮಾಡಿದ್ದೀಯ, ಇಲ್ಲಾ ನಿಮ್ಮಪ್ಪ ಮಾಡವ್ನೆ" ಎನ್ನುತ್ತಿದ್ದ.

ಪಾಂಡವಪುರದಲ್ಲಿ ಅವನ ವೈಂಡಿಂಗ್ ಅಂಗಡಿಯ ಮೇಲಿನ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವನು ಅವನ ಬೆಂಚಿನ ಮೇಲೆ ಅರ್ಧ ಗಂಟೆ ಕೂರದೆ ಮೆಟ್ಟಿಲು ಹತ್ತಿದ ದಿನ ಕಡಿಮೆ. ಅವನು ತಾಮ್ರದ ತಂತಿ ಸುತ್ತುತ್ತ, ವಾರ್ನಿಷ್ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಹಳೆಯ ಕಾಲದ ಕಡಲುಗಳ್ಳರಾದ ವೈಕಿಂಗರ ಸೀರಿಯಲ್ಲು ನೋಡುತ್ತಿದ್ದ. ದೋಣಿ, ಕೊಡಲಿ, ಹಿಮ. ಮಾತೆಲ್ಲ ಇಂಗ್ಲಿಷು, ಅವನಿಗೆ ಒಂದಕ್ಷರವೂ ಬಾರದು. ಆ ಹೆಸರುಗಳು ನಾಲಗೆಗೆ ಹೊರಳದ್ದರಿಂದ ತಾನೇ ಹೆಸರಿಟ್ಟಿದ್ದ. ಜಡೆ ಹಾಕಿದ ಯಜಮಾನ ಜಡೆಯಣ್ಣ. ಕೆಂಪು ಗಡ್ಡದ ಅವನ ತಮ್ಮ ಕೆಂಚ.

ಕೆಂಚ ಅಣ್ಣನ ದೋಣಿಗೆ ಬೆಂಕಿಯಿಟ್ಟ ದಿನ ನಾನು ವಿವರಿಸಲು ಹೋದೆ. ಅವನಿಗೆ ಗದ್ದುಗೆಯ ಆಸೆ ಎಂದೆ. ಪರದೆಯ ಕೆಳಗಿನ ಅಕ್ಷರಗಳಲ್ಲಿ ಹಾಗೆಯೇ ಇತ್ತು.

"ಗದ್ದುಗೆ ಯಾವನ್ಗೆ ಬೇಕಾಗಿತ್ತು ಮೇಷ್ಟ್ರೇ. ಅಣ್ಣ ಅನ್ನಿಸ್ಕೊಂಡೋನು ಒಂದ್ಸಲ ತಿರುಗಿ ನೋಡ್ನಿಲ್ಲ. ದೋಣಿ ಸುಟ್ರಾದ್ರೂ ನೋಡ್ತಾನೇನೋ ಅಂತ ಸುಟ್ಟವ್ನೆ."

ಎರಡು ಕಂತು ಕಳೆದ ಮೇಲೆ ಕೆಂಚನ ಬಾಯಲ್ಲೇ ಆ ಮಾತು ಬಂತು. ಅಷ್ಟು ಸ್ಪಷ್ಟವಾಗಿ ಬಂದಿತ್ತೋ, ನಂಜಣ್ಣನ ಮೇಲಿನ ಪ್ರೀತಿಯಿಂದ ನಾನೇ ಈಗ ಹಾಗೆ ಜೋಡಿಸಿಕೊಳ್ಳುತ್ತಿದ್ದೇನೋ, ಖಾತ್ರಿಯಿಲ್ಲ.

ನಂಜಣ್ಣನಿಗೂ ಒಬ್ಬ ತಮ್ಮನಿದ್ದ. ಚಿನಕುರಳಿಯ ಬೋರೇಗೌಡ. ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾರೆ ಎಂದು ಊರಿಂದ ಸುದ್ದಿ ಬಂದಾಗ ನಂಜಣ್ಣನ ಮುಂದೆ ಅರ್ಧ ಸುತ್ತಿದ ಮೋಟರಿತ್ತು, ಅದರ ಒಡೆಯನ ಗದ್ದೆ ಒಣಗುತ್ತಿತ್ತು. ಇದೊಂದು ಮುಗಿಸಿ ಹೊರಡೋಣ ಎಂದುಕೊಂಡ. ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹಿರಿಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ತಮ್ಮ ಹಾಕಿದ್ದ. ಕಾಯಲಿಲ್ಲ ಎಂದು ಇವನಿಗೆ, ಬರಲಿಲ್ಲ ಎಂದು ಅವನಿಗೆ. ಅಂದಿನಿಂದ ಮಾತಿಲ್ಲ.

ನಮ್ಮ ಕಡೆ ಮಾತು ಬಿಟ್ಟವರು ಎದುರಾದಾಗ ಪೂರ್ತಿ ಮೂಕರಾಗುವುದಿಲ್ಲ. ನಡುವೆ ಮೂರನೆಯವರೊಬ್ಬರನ್ನು ಇಟ್ಟುಕೊಂಡು ಅವರಿಗೆ ಹೇಳುತ್ತಾರೆ. ಕೇಳಬೇಕಾದವನು ಮೊಳದ ದೂರದಲ್ಲೇ ನಿಂತಿದ್ದರೂ ಅಷ್ಟೆ.

ಸೀರಿಯಲ್ಲಿನ ಒಂದು ಕಂತು, ಗಾಯಗೊಂಡ ಜಡೆಯಣ್ಣ ಕೆಂಚನ ಮನೆಯ ಕದ ತಟ್ಟಿದಾಗ ಕೆಂಚ ಕದ ತೆರೆಯುವಲ್ಲಿಗೆ ಮುಗಿಯಿತು. ನಂಜಣ್ಣನ ಕೈ ನಿಂತಿತು. ಕೆಲಸದ ನಡುವೆ ಆ ಕೈ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒಳೀಕ್ ಕರೀತಾನಾ ಮೇಷ್ಟ್ರೇ?"

ಮುಂದಿನ ಕಂತನ್ನು ನಾನು ಆಗಲೇ ನೋಡಿದ್ದೆ. ಕೆಂಚ ಕದ ಹಾಕಿಕೊಳ್ಳುತ್ತಾನೆ.

"ಕರೀತಾನೆ," ಎಂದೆ.

ಯಾಕೆ ಹಾಗೆಂದೆ? ಮರುಕದಿಂದ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಸಿವಾಗಿ ಬೇಗ ಮೇಲೆ ಹೋಗಬೇಕಿತ್ತು ಎಂಬುದೂ ನಿಜವಿರಬಹುದು. ಆ ದಿನದ ಡೈರಿಯಲ್ಲಿ "ನಂಜಣ್ಣನ ಜೊತೆ ಸೀರಿಯಲ್" ಎಂದಷ್ಟೇ ಇದೆ.

ಮಾರನೆಯ ದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ಸಂಜೆ ಚಿನಕುರಳಿಯ ಬಸ್ಸಿಳಿದು ಬಂದವನು ಬೆಂಚಿನ ಮೇಲೆ ಕೂತು ತಾನಾಗಿಯೇ ಹೇಳಿದ.

"ಅಟ್ಟಿ ಬಾಗ್ಲಲ್ಲೇ ಕೂತಿದ್ದ ನನ್ ತಮ್ಮ. ನನ್ ನೋಡ್ಬುಟ್ಟು ಎಂಡ್ತಿಗೆ ಅಂತಾನೆ, 'ಬಂದೋರು ಯಾಕ್ ಬಂದವ್ರೆ ಕೇಳಮ್ಮಿ'. ನಾನೂ ಅವ್ಳಿಗೇ ಅಂದೆ, 'ಸುಮ್ನೆ ಬಂದ್ರಂತೆ ಅನ್ನವ್ವ'. ಪಾಪ, ಆ ಎಣ್ಮಗಳು ಅತ್ಲಾಗೂ ಇತ್ಲಾಗೂ ಕತ್ತು ತಿರುಗ್ಸಿ ಸಾಕಾಗಿ ಕಾಫಿ ಕಾಸ್ತೀನಿ ಅಂತ ಒಳೀಕೋದ್ಲು. ಇಬ್ರೇ ಉಳ್ಕೊಂಡೊ. ನಡುವೆ ಯಾರೂ ಇಲ್ಲ. ಅವ್ನು ನನ್ ಕಡೀಕ್ ತಿರುಗಿ ಬಾಯಿ ತಗದ ಮೇಷ್ಟ್ರೇ, ನನ್ ಕಣ್ಣಾರೆ ನೋಡ್ದೆ. ಅಷ್ಟೊತ್ಗೆ ಅವ್ಳು ಲೋಟ ಇಡ್ಕೊಂಡು ಬಂದ್ಬುಟ್ಲು."

ಕಾಫಿ ಕುಡಿದು ಬಂದೆ ಎಂದ. ಮುಂದಿನ ಕಂತನ್ನು ಅವನು ಆ ವಾರವೇ ನೋಡಿದ. ಕದ ಮುಚ್ಚಿದ್ದಕ್ಕೆ ಅರ್ಥ ಓದಿ ಹೇಳಲು ನಾನು ಬೇಕಿರಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ. "ಒಳ್ಳೇದೇ ಆಯ್ತು ಬುಡಿ. ನೀವ್ ಅವತ್ತೇ ನಿಜ ಏಳ್ಬುಟ್ಟಿದ್ರೆ ನಾನು ಊರ್ಗೆ ಓಗ್ತಾನೇ ಇರ್ನಿಲ್ಲ," ಎಂದ. ಇನ್ನೊಂದು ಸಲ ಹೋಗಿಬರುವುದಾಗಿಯೂ ಹೇಳಿದ.

ಹೋಗಲಾಗಲಿಲ್ಲ. ಅಂಗಡಿಯಲ್ಲೇ ಕುಸಿದ. ಮೈಸೂರಿನ ಆಸ್ಪತ್ರೆಯಲ್ಲಿ ಬಲಗೈಯೂ ಮಾತೂ ಹೋಗಿ ಮಲಗಿದ್ದ. ಕಣ್ಣು, ಕಿವಿ ಚುರುಕಾಗಿದ್ದವು. ಅವನ ಹೆಂಡತಿ ಔಷಧಿ ತರಲು ಇಳಿದಿದ್ದಾಗ ಮಂಚದ ಪಕ್ಕ ನಾನಿದ್ದೆ. ಆಗ ಬೋರೇಗೌಡ ಬಂದ. ಅಣ್ಣನ ಕಾಲ ಬಳಿ ನಿಂತು ನನ್ನನ್ನು ನೋಡಿದ.

"ಗಂಜಿ ಕುಡುದ್ರಂತಾ ಕೇಳಿ ಮೇಷ್ಟ್ರೇ."

ನೀವೇ ಕೇಳಿ ಎನ್ನಬಹುದಿತ್ತು. ನಾನು ನಂಜಣ್ಣನ ಕಡೆ ಬಗ್ಗಿ ಕೇಳಿದೆ. ಅವನು ರೆಪ್ಪೆ ಆಡಿಸಿದ. "ಕುಡಿದರಂತೆ," ಎಂದೆ.

"ನೋವೈತಂತಾ?"

"ಇಲ್ಲವಂತೆ."

ಬೋರೇಗೌಡ ಕಿಟಕಿಯ ಕಡೆ ತಿರುಗಿದ. "ಅವತ್ ಬಂದಿದ್ರಲ್ಲ, ಉಂಡ್ಕೊಂಡ್ ಓಗ್ಬೋದಾಗಿತ್ತು ಅನ್ನಿ."

"ಆ ದಿನ ಊಟ ಮಾಡಿಕೊಂಡು ಹೋಗಬಹುದಿತ್ತಂತೆ ನಂಜಣ್ಣ," ಎಂದು ತಲುಪಿಸಿದೆ.

ನಂಜಣ್ಣನ ಎಡಗೈ ಹೊದಿಕೆಯ ಮೇಲೆ ಜರುಗಿತು. ನನ್ನ ಮೊಣಕೈಗೆ ತಾಗಿ ಆಚೆಗೆ ನೂಕಿತು. ಮತ್ತೆ ನೂಕಿತು. ನೀರಿರಬೇಕು ಎಂದುಕೊಂಡು ಲೋಟ ಹಿಡಿದೆ, ಬಾಯಿ ಬಿಗಿದುಕೊಂಡ. ಬೋರೇಗೌಡ ಫ್ಯಾನು ಜೋರು ಮಾಡಿದ. ಆ ಕೈ ನೂಕುತ್ತಲೇ ಇತ್ತು. ನೋಡುವ ಹೊತ್ತು ಮುಗಿಯಿತು ಎಂದು ನರ್ಸ್ ಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು.

ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು. ನಂಜಣ್ಣ ಕೇಳಿದ್ದು ನೀರನ್ನಲ್ಲ, ನಾನು ಅವರಿಬ್ಬರ ನಡುವಿನಿಂದ ಎದ್ದು ಹೊರಗೆ ಹೋಗುವುದನ್ನು. ನಿಂತು ತಿರುಗಿದೆ. ಬೋರೇಗೌಡ ನನ್ನ ಹಿಂದೆಯೇ ಇಳಿದು ಬರುತ್ತಿದ್ದ. "ನಾಳಿಕ್ ಬತ್ತೀನಿ ಅಂತ ಏಳ್ಬೇಕಾಗಿತ್ತು," ಎಂದ, ಯಾರಿಗೆಂದು ತಿಳಿಯಲಿಲ್ಲ. ಬೆಳಗಾಗುವುದರೊಳಗೆ ಆಸ್ಪತ್ರೆಯಿಂದ ಫೋನು ಬಂತು.