ರಸ್ತೆಯ ಪಾಲು

ನಮ್ಮ ಕಡೆ ರಸ್ತೆಬದಿಯ ಮನೆಗಳಿಗೆ ಎರಡು ಭಾಗ. ಹಿಂದಿನದು ಮನೆಯವರ ಪಾಲು, ಮುಂದಿನದು ರಸ್ತೆಯ ಪಾಲು. ಹಿಂದಿನದಕ್ಕೆ ಆರ್‌ಸಿಸಿ, ಟೈಲ್ಸು, ಒಳ್ಳೆಯ ಮರದ ಬಾಗಿಲು. ಮುಂದಿನದಕ್ಕೆ ಶೀಟು, ನಟ್ಟು ಬೋಲ್ಟು ಬಿಗಿದ ಕಬ್ಬಿಣದ ಕಂಬ, ಸಿಮೆಂಟು ಕಾಣದೆ ಸುಮ್ಮನೆ ಹಾಸಿದ ಚಪ್ಪಡಿ. ತೆಂಗಿನ ಸಸಿ ನೆಡುವವರು ಹಿತ್ತಲಿಗೆ ಹೋಗುತ್ತಾರೆ. ಮುಂದೆ ನುಗ್ಗೆ ಸಾಕು, ಹೋದರೆ ಹೋಗಲಿ. ನಾಲ್ಕು ಪಥದ ರಸ್ತೆ ಬಂದ ದಿನ ಎಲ್ಲವನ್ನೂ ಬಿಚ್ಚಿ ಒಳಗಿಟ್ಟುಕೊಳ್ಳಬಹುದು ಎಂಬ ಲೆಕ್ಕ. ಅಣ್ಣತಮ್ಮಂದಿರು ಭಾಗವಾಗುವಾಗಲೂ ರಸ್ತೆಯ ಪಾಲು ಯಾರಿಗೆ ಎಂದು ಬೇರೆಯೇ ಮಾತಾಗುತ್ತದೆ. ಇದು ವಿಚಿತ್ರ ಎಂದು ಹೊರಗಿನವರೊಬ್ಬರು ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಈಗ ಒಂದು ನಿದ್ದೆಯಷ್ಟು ದೂರ. ಮೈಸೂರಿನಿಂದ ನಂಜನಗೂಡಿಗೂ ರಸ್ತೆ ಅಗಲವಾಗಿದೆ. ಅಲ್ಲಿಂದ ನರಸೀಪುರದ ಕಡೆ ತಿರುಗಿದಿರೋ, ಆ ವೇಗ ಅಲ್ಲಿಗೆ ಮುಗಿಯಿತು. ನಾನಿರುವುದು ನರಸೀಪುರದಲ್ಲಿ, ಇತಿಹಾಸ ಪಾಠ ಮಾಡುವುದು ನಂಜನಗೂಡಿನ ಕಾಲೇಜಿನಲ್ಲಿ. ಕಬ್ಬು ಕಡಿಯುವ ಕಾಲದಲ್ಲಿ ಎರಡು ಟ್ರೈಲರು ಎಳೆಯುವ ಟ್ರ್ಯಾಕ್ಟರು ಬಸ್ಸಿನ ಮುಂದೆ ಸಿಕ್ಕಿದರೆ ಡ್ರೈವರು ಹಾರ್ನ್ ಮಾಡುವುದನ್ನೂ ಬಿಟ್ಟು ಬೀಡಾ ಜಗಿಯುತ್ತಾ ಕೂರುತ್ತಾನೆ. ಕಬ್ಬಿನ ಸೋಗೆ ಕಿಟಕಿಗೆ ತಾಗುತ್ತಿರುತ್ತದೆ. ಓದಲು ತಂದ ಪುಸ್ತಕವನ್ನು ತೆರೆಯಲೂ ಬೇಜಾರಾಗಿ ನಾನು ಆ ಹಸಿರು ರಾಶಿಯ ಹಿಂಭಾಗವನ್ನೇ ನೋಡುತ್ತಿರುತ್ತೇನೆ. ರಸ್ತೆ ಅಗಲವಾದರೆ ಊರು ಉದ್ಧಾರವಾಗುತ್ತದೆ ಎಂದು ನಾನು ನಂಬಿದವನಲ್ಲ. ಆಗದಿದ್ದರೆ ಉಳಿಯುತ್ತದೆ ಎಂದೂ ನಂಬುವುದಿಲ್ಲ. ದಿನವೂ ಅದರ ಮೇಲೆ ಓಡಾಡಿ ಸುಸ್ತಾಗಿದ್ದೇನೆ, ಅಷ್ಟೆ.

ಹದಿನಾರು ಎಂಬ ಊರು ದಾಟಿದ ಮೇಲೆ ನಮ್ಮ ಅಕ್ಕನ ಹೋಟೆಲು ಸಿಗುತ್ತದೆ. ಹೋಟೆಲು ಎಂದರೆ ಮನೆಯ ಮುಂದಿನ ಭಾಗ, ಅಂದರೆ ರಸ್ತೆಯ ಪಾಲು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸಾರು. ಭಾವ ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸುತ್ತಾಳೆ. ಶೀಟು ಸೀಳಿ, ಮಳೆ ಬಂದಾಗ ಊಟಕ್ಕೆ ಕೂತವರು ತಟ್ಟೆ ಹಿಡಿದು ಜಾಗ ಬದಲಿಸುವುದು ಮಾಮೂಲಾಗಿತ್ತು. ಹಾಗೆ ಎದ್ದು ಹೋದವರಲ್ಲಿ ಕೆಲವರು ಮತ್ತೆ ಬರಲಿಲ್ಲ. ಹೋದ ಮಳೆಗಾಲದಲ್ಲಿ ಮಧ್ಯಾಹ್ನದ ಊಟವನ್ನೇ ಎಷ್ಟೋ ದಿನ ನಿಲ್ಲಿಸಿದ್ದಳು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಹೋಟೆಲು ಮುಚ್ಚಬೇಕು ಎಂದು ನನ್ನೆದುರು ಎರಡು ಸಲ ಹೇಳಿದ್ದಳು. ಅವಳು ಸುಮ್ಮನೆ ಹೇಳುವವಳಲ್ಲ.

ಗಟ್ಟಿಯಾಗಿ ಕಟ್ಟಿಸಬಹುದಿತ್ತು. ಕಟ್ಟಿಸದೆ ಇದ್ದದ್ದು ನನ್ನ ಮಾತಿನ ಮೇಲೆ.

ಬಹಳ ವರ್ಷಗಳ ಹಿಂದೆ ಸರ್ವೆಯವರು ಜೀಪಿನಲ್ಲಿ ಬಂದು, ಮೂರು ಕಾಲಿನ ಯಂತ್ರ ನಿಲ್ಲಿಸಿ, ರಸ್ತೆ ಎಲ್ಲಿಯ ತನಕ ಬರುತ್ತದೆಂದು ಗೋಡೆಗೆ ಹಳದಿ ಬಣ್ಣ ಬಳಿದು ಹೋಗಿದ್ದರು. ಆ ದಿನ ಅಕ್ಕ ಬನ್ನೂರಿಗೆ ನಾಮಕರಣಕ್ಕೆ ಹೋಗಿದ್ದಳು. ಇದ್ದದ್ದು ಭಾವ ಮತ್ತು ನಾನು. ಗುರುತು ಹಾಕಿದ್ದ ಮಣ್ಣಿನ ಗೋಡೆ ಮುಂದಿನ ವರ್ಷವೇ ಒಳಗಿನ ಕಂಬಗಳ ಸಮೇತ ಮಳೆಗೆ ಕುಸಿಯಿತು. ಭಾವನೂ ಹೋದರು. ಉಳಿದದ್ದು ನನ್ನ ನೆನಪು ಮಾತ್ರ: ಸರ್ವೆಯವನು ಒಳಗಿನ ಎರಡನೆಯ ಕಂಬವನ್ನು ಬೆರಳಿನಿಂದ ತಟ್ಟಿ, "ಇಲ್ಲೀವರ್ಗೂ ಬರುತ್ತೆ, ಇದರಾಚೆ ನಿಮ್ದು" ಎಂದದ್ದು. ಹಾಗೆಂದರೆ ಹೆಚ್ಚುಕಡಿಮೆ ಇಡೀ ಹೋಟೆಲೇ ಹೋಗುತ್ತದೆ ಎಂದರ್ಥ.

ಈ ಸಲ ಬೇಸಿಗೆಯಲ್ಲಿ ಒಂದು ಶನಿವಾರ ಕಾಲೇಜು ಮುಗಿಸಿ ಬಸ್ಸಿಳಿದಾಗ ಬಿಳಿಗೆರೆಯ ಗಾರೆ ಮೇಸ್ತ್ರಿ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಮಧ್ಯೆ ಅವನಿಗೆ ಬಿಡುವಿತ್ತು. ಇಂದು ಹೌದು ಎಂದರೆ ನಾಳೆಯಿಂದ ಪಾಯ ತೆಗೆಯುತ್ತೇನೆ, ಇಲ್ಲದಿದ್ದರೆ ಮಳೆಗಾಲ ಕಳೆದ ಮೇಲೆಯೇ ಎಂದಿದ್ದ.

"ಬಾಪ್ಪ, ನಿಂಗೇ ಕಾಯ್ತಿದ್ದೆ" ಎಂದಳು ಅಕ್ಕ. "ಮೇಸ್ತ್ರಿ ದಾರ ಎಲ್ಲಿಡೀಲಿ ಅಂತವ್ನೆ. ಆ ಕಂಬ ಎಲ್ಲಿತ್ತು ಅಂತ ನಿಂತ್ಕಂಡು ತೋರ್ಸು. ಅದ್ರಿಂದ ಒಳೀಕೆ ಎಷ್ಟ್ ಜಾಗ ಉಳೀತದೋ ಅಷ್ಟ್ರಲ್ಲೇ ಎರಡು ಮೇಜಿಗಾದ್ರೂ ಕಟ್ಸುಬುಡ್ತೀನಿ."

ಕಬ್ಬು ಇಳಿಸಿ ಖಾಲಿ ಬಂದಿದ್ದ ಟ್ರ್ಯಾಕ್ಟರಿನವನೊಬ್ಬ ಮೂಲೆಯಲ್ಲಿ ಊಟ ಮಾಡುತ್ತಿದ್ದ. "ಅಕ್ಕೋ, ಸಾರು ಈಗ್ಲೇ ಬತ್ತದಾ, ಫೋರ್ ಲೈನ್ ಆದ್ಮೇಲಾ?" ಎಂದ.

"ನಿನ್ ಟ್ರ್ಯಾಕ್ಟ್ರು ನಂಜನಗೂಡು ಮುಟ್ಟೋದ್ರೊಳ್ಗೆ ಬತ್ತದೆ, ಉಣ್ಲಾ ಸುಮ್ಕೆ" ಎಂದು ಅಕ್ಕ ಸೌಟು ತೆಗೆದುಕೊಂಡು ಹೋದಳು.

ನಾನು ಎದ್ದು ನಿಂತೆ. ಕಂಬದ ಜಾಗ ತೋರಿಸಲು ಹೊರಟವನಿಗೆ ಆ ದಿನ ಪೂರ್ತಿ ಕಣ್ಣ ಮುಂದೆ ಬಂತು. ಸರ್ವೆಯವನ ಬೆವರಿದ ಬೆನ್ನು, ಬಾಗಿಲಲ್ಲಿ ನಿಂತು ಅವನ ಜೊತೆ ಜಗಳವಾಡುತ್ತಿದ್ದ ಭಾವ, ಕಂಬದ ಮೇಲೆ ಬೆರಳು. ಸರ್ವೆಯವನು ತನ್ನ ಟೋಪಿ ತೆಗೆದು ಕೂಲ್‌ಡ್ರಿಂಕ್ಸ್ ಫ್ರಿಜ್ಜಿನ ಮೇಲಿಟ್ಟಿದ್ದ.

"ಕಂಬ ಆ ಫ್ರಿಜ್ಜಿಗೆ ಎದುರಾಗಿತ್ತಲ್ಲ ಅಕ್ಕ?" ಎಂದೆ.

"ಯಾವ್ ಫ್ರಿಜ್ಜು?"

"ಇದೇ. ಸರ್ವೆಯವನು ಟೋಪಿ ಇಟ್ಟಿದ್ದ."

ಅವಳು ನನ್ನನ್ನು ನೋಡಿದಳು. "ಲೋ, ಈ ಫ್ರಿಜ್ಜು ಬಂದಿದ್ದು ನಿಮ್ ಭಾವ ತೀರ್ಕಂಡ್ ಮೇಲೆ ಕಣೋ. ಅವ್ರು ಇದ್ದಾಗ ಇಲ್ಲಿ ನೀರಿನ ಹಂಡೆ ಇತ್ತು."

ಅವಳು ಹೇಳಿದ್ದು ನಿಜ. ಫ್ರಿಜ್ಜನ್ನು ಆಟೋದಿಂದ ಇಳಿಸಲು ನಾನೇ ಕೈ ಕೊಟ್ಟಿದ್ದೆ. ಹಾಗಾದರೆ ಟೋಪಿ ಯಾರದು? ಕೂಲ್‌ಡ್ರಿಂಕ್ಸ್ ಕಂಪನಿಯವನದೇ, ಕರೆಂಟು ಮೀಟರಿನವನದೇ? ಎರಡು ದಿನಗಳನ್ನು ನನ್ನ ತಲೆ ಯಾವಾಗಲೋ ಒಂದಕ್ಕೊಂದು ಹೊಲಿದುಬಿಟ್ಟಿದೆ. ಟೋಪಿ ಬೇರೆ ದಿನದ್ದಾದರೆ ಬೆರಳು ಯಾವ ದಿನದ್ದು? "ಇದರಾಚೆ ನಿಮ್ದು" ಎಂಬ ಮಾತು ಸರ್ವೆಯವನು ಆಡಿದ್ದೋ, ಆಮೇಲೆ ಭಾವ ಹೇಳಿದ್ದೋ, ಬಸ್ಸಿನಲ್ಲಿ ಯಾರೋ ತಮ್ಮ ಮನೆಯ ಕತೆ ಹೇಳುವಾಗ ಕೇಳಿದ್ದೋ? ಈ ರಸ್ತೆಯ ಪ್ರತಿ ಮನೆಯಲ್ಲೂ ಅಂಥದ್ದೊಂದು ಮಾತು ಇದೆ. ಒಂದೇ ಸಾಕ್ಷಿ ನಂಬಿ ಬರೆಯಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದವನು ನಾನು. ಇಲ್ಲಿ ಆ ಒಂದೇ ಸಾಕ್ಷಿಯೂ ನಾನೇ ಆಗಿದ್ದೆ.

"ಗೊತ್ತಿಲ್ಲ ಅಕ್ಕ" ಎಂದೆ. "ಎರಡನೇ ಕಂಬನೋ, ಮೊದಲನೇದೋ, ಕಂಬವೇ ಅಲ್ಲವೋ. ಈಗ ನನಗೆ ನಿಜವಾಗಿ ಗೊತ್ತಿಲ್ಲ."

ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. "ಏನ್ ಸಾ ನೀವು, ಓದ್ದೋರೇ ಇಂಗಂದ್ರೆ ಎಂಗೆ? ಅಂದಾಜ್ಗಾದ್ರೂ ಒಂದು ಜಾಗ ಏಳಿ."

ಅಂದಾಜು ಹೇಳಬಹುದಿತ್ತು. ಹೇಳಿದ್ದರೆ ಅದೂ ಇನ್ನಷ್ಟು ವರ್ಷ ನಿಜವಾಗಿ ನಿಲ್ಲುತ್ತಿತ್ತು. ನಾನು ತಲೆಯಾಡಿಸಿ ಕೂತುಬಿಟ್ಟೆ. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೀಳಿದ ಶೀಟಿನ ಕೆಳಗೆ ಬಂದು ರಸ್ತೆಯ ಕಡೆ ನೋಡಿದಳು. ಬಸ್ಸೊಂದು ಎದುರಿನ ಲಾರಿಗೆ ದಾರಿ ಕೊಡಲು ಮಣ್ಣಿಗಿಳಿದು, ನಮ್ಮ ಬಾಗಿಲಿಗೆ ಧೂಳೆರಚಿ, ಮತ್ತೆ ಡಾಂಬರು ಹತ್ತಿತು.

"ನಿಂಗೂ ಗೊತ್ತಿಲ್ವಾ?"

"ಇಲ್ಲ."

"ಅಂಗಾರೆ ಯಾರ್ಗೂ ಗೊತ್ತಿಲ್ಲ" ಎಂದು ಸೆರಗು ಸಿಕ್ಕಿಸಿಕೊಂಡಳು. "ಮೇಸ್ತ್ರಿ, ಬಾ ಇಲ್ಲಿ. ಬಸ್ ಇಳ್ದೋರು ಕಾಲಿಡ್ತಾರಲ್ಲ, ಅದ್ರಿಂದ ಎರಡೆಜ್ಜೆ ಒಳೀಕೆ ದಾರ ಇಡಿ. ಎಂಟು ಮೇಜು ಬೇಕು ನಂಗೆ. ಶೀಟು ಬ್ಯಾಡ, ಪಿಲ್ಲರ್ ಆಕಿ ಮೇಲ್ಕೆ ಮೋಲ್ಡೇ ಆಕು."

"ಯೋಚ್ನೆ ಮಾಡ್ ಅಕ್ಕೋ. ಆಮೇಕೆ ಬಿಚ್ಚಕಾಗಲ್ಲ."

"ಬಿಚ್ಚೋದು ಯಾರ್ಗ್ ಬೇಕಾಗದೆ? ಬಿಚ್ಚೋಕಂತ್ಲೇ ಕಟ್ಕಂಡು ಬಿಚ್ಚೋಕಂತ್ಲೇ ಬಾಳಿದ್ದಾಯ್ತು."

ಟ್ರ್ಯಾಕ್ಟರಿನವನು ಕೈ ತೊಳೆದು ಬಂದು ನೋಡುತ್ತಾ ನಿಂತ. ನನಗೆ ಸಮಾಧಾನವಾಗಲಿಲ್ಲ. ನನ್ನ ಗೊತ್ತಿಲ್ಲ ಎಂಬ ಮಾತಿನ ಮೇಲೆ ಅವಳು ತನ್ನ ಕೈಲಿದ್ದದ್ದನ್ನೆಲ್ಲ ಸುರಿಯಲು ಹೊರಟಿದ್ದಳು. ಹಿಂದೆ ಗೊತ್ತು ಎಂಬ ಮಾತಿನ ಮೇಲೆ ಕೈಕಟ್ಟಿ ಕೂತಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ನನಗೆ ಹೇಳಲು ಬರುವುದಿಲ್ಲ.

"ನಾಳೆನೇ ಸರ್ವೆಯವರು ಬಂದುಬಿಟ್ಟರೆ?" ಎಂದೆ.

"ಬಂದ್ರೆ ಕೂತ್ಕಂಡು ಉಣ್ಲಿ. ನೀನ್ ಏಳು ಮೇಲಕ್ಕೆ, ಬೆಂಚು ಖಾಲಿ ಮಾಡು."

ಮೇಸ್ತ್ರಿ ಗೂಟ ಬಡಿಯಲು ಕಲ್ಲು ಹುಡುಕುತ್ತಿದ್ದ. ನಾನು ಬೆಂಚಿನ ಒಂದು ತುದಿ ಹಿಡಿದೆ, ಟ್ರ್ಯಾಕ್ಟರಿನವನು ಕೇಳದೆಯೇ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ನುಗ್ಗೆ ಮರದ ಕೆಳಗೆ ಸಾಗಿಸಿ, ಮುಂದಿನ ಬೆಂಚಿಗೆ ವಾಪಸು ಬಂದೆವು.