ಉಚ್ಚೆಂಗೆಪ್ಪ ಮೇಷ್ಟ್ರ ‘ದಟ್’
ಹೊಸಪೇಟೆಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ಉಚ್ಚೆಂಗೆಪ್ಪ ಮೇಷ್ಟ್ರಿಗೆ ಲೋಕದ ಮಾತೆಲ್ಲ ‘ಐ ನೋ ದಟ್’ನಿಂದಲೇ ಶುರುವಾಗಬೇಕು. “ನಮ್ಮ ‘ಅಂತ’ ‘ಗೊತ್ತು’ಗಿಂತ ಮೊದ್ಲು ಬರ್ತೈತಿ, ಅವರ ‘ದಟ್’ ‘ನೋ’ ಆದಮ್ಯಾಲೆ ಬರ್ತೈತಿ” ಎಂದು ಸೀಮೆಸುಣ್ಣ ಸವೆಯುವ ತನಕ ಹೇಳುತ್ತಾರೆ. ಹಾಲಿನವನ ಬಾಯಲ್ಲೂ ‘ಐ ನೋ ದಟ್ ಮಿಲ್ಕ್ ಈಸ್ ವೈಟ್’ ಎನ್ನಿಸಿಯೇ ಪಾತ್ರೆ ಒಡ್ಡುತ್ತಾರೆ. ಮೊನ್ನೆ ಪಾಠದ ನಡುವೆಯೇ ಮನೆಯ ಮಾಲೀಕ ಮರಿಸ್ವಾಮಿ ಬಾಗಿಲಲ್ಲಿ ನಿಂತು, ಗೋಡೆಯ ಮೇಲಿನ ಅಂಬೇಡ್ಕರರ ಪಟ ನೋಡುತ್ತ, “ನೀವು ಆ ಮಂದಿ ಅಂತ ಗೊತ್ತಿದ್ದಿಲ್ರಿ ಮೇಷ್ಟ್ರ. ಮನಿ ಖಾಲಿ ಮಾಡ್ರಿ” ಎಂದ. ಹಿಂದಿನ ಮನೆಗಳಲ್ಲೆಲ್ಲ ಟ್ರಂಕಿನ ತಳದಲ್ಲಿರುತ್ತಿದ್ದ ಪಟವನ್ನು ಮೇಷ್ಟ್ರು ಗೋಡೆಗೆ ಹಾಕಿದ್ದು ಇದೇ ಮೊದಲು. ಹೆಂಡತಿ ದುರ್ಗಕ್ಕ ಅದನ್ನು ಇಳಿಸಲು ಕೈ ಚಾಚಿದಾಗ ಅವರು ತಡೆದರು: “ಇರ್ಲಿ ಬಿಡು. ಸಾಮಾನೆಲ್ಲ ಹೋದಮ್ಯಾಲೆ ಅದನ್ನ ತಗದ್ರಾತು.”