ಸಿಗ್ನಲ್ ಅಜ್ಜಿಯ ಎಡಗೈ

ಮೊಟ್ಟೆ ಸಾಗಿಸುವ ಆ ಹಳೆಯ ಪಿಕಪ್ ಬಲಕ್ಕೆ ತಿರುಗಬೇಕಾದರೆ ಹಿಂದೆ ಹಳದಿ ದೀಪ ಮಿನುಗುತ್ತಿತ್ತು. ಎಡಕ್ಕೆ ತಿರುಗಬೇಕಾದರೆ ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು. ಅರವತ್ತನಾಲ್ಕು ವರ್ಷ ವಯಸ್ಸಿನ, ಗಟ್ಟಿ ಮೂಳೆಯ ಕೈ. ಸ್ಟೀರಿಂಗ್ ಹಿಡಿದವಳು ಸೊಸೆ, ಪಕ್ಕದಲ್ಲಿ ಕೂತು ಕೈ ಚಾಚುತ್ತಿದ್ದವರು ಅತ್ತೆ. ಮಾರುಕಟ್ಟೆ ರಸ್ತೆಯವರೆಲ್ಲ ಅವರಿಗೆ ಸಿಗ್ನಲ್ ಅಜ್ಜಿ ಎಂದು ಹೆಸರಿಟ್ಟು ಯಾವುದೋ ಕಾಲವಾಗಿತ್ತು. ಅಜ್ಜಿ ಅನ್ನುವುದಕ್ಕೆ ಅತ್ತೆಯ ಆಕ್ಷೇಪಣೆ ಇತ್ತು, ಸಿಗ್ನಲ್ ಅನ್ನುವುದಕ್ಕೆ ಇರಲಿಲ್ಲ.

ಕೈ ಚಾಚುವುದೆಂದರೆ ಬರೀ ಚಾಚುವುದಲ್ಲ, ಅದಕ್ಕೊಂದು ಕ್ರಮವಿತ್ತು. ಮೊದಲು ಕನ್ನಡಿಯಲ್ಲಿ ಹಿಂದೆ ನೋಡಬೇಕು, ಆಮೇಲೆ ಕೈ ನೆಟ್ಟಗೆ ಹೊರಗೆ. ಹಿಂದಿನವನು ತೀರಾ ಹತ್ತಿರ ಬಂದಿದ್ದರೆ ಅಂಗೈ ತಿರುಗಿಸಿ ತಡೆಯಬೇಕು. ಅದಕ್ಕೂ ಜಗ್ಗದ ಬೈಕಿನವರಿಗೆ ಕೈಯ ಜೊತೆ ತಲೆಯೂ ಹೊರಗೆ ಬರುತ್ತಿತ್ತು. ಹಿಂದೆ ಆರು ಸಾವಿರ ಮೊಟ್ಟೆ ಇದೆ, ಒಡೆದರೆ ನೀನು ಕೂತು ತಿನ್ನುತ್ತೀಯಾ ಎಂದು ಕೇಳಿಸಿಕೊಳ್ಳದ ಬೈಕಿನವನು ಆ ರಸ್ತೆಯಲ್ಲಿ ಕಡಿಮೆ. ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಮುಂದಿನ ತಿರುವು ಬರುವಷ್ಟರಲ್ಲಿ ಇಳಿದೂ ಹೋಗುತ್ತಿತ್ತು.

ಅವರು ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಕೆಲಸವಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವರೇ ಅಲ್ಲ. ನೆಂಟರ ಮನೆಗೆ ಹೋದರೂ ಐದೇ ನಿಮಿಷದಲ್ಲಿ ಸೆರಗು ಸಿಕ್ಕಿಸಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದರು. ಪಾರ್ಕಿಗೆ ಹೋಗಿ ಬರೋಣವೆಂದು ಯಾರಾದರೂ ಕರೆದರೆ ಅಲ್ಲೇನು ಕೆಲಸ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದರು. ಯಜಮಾನರು ಅದೇ ಪಿಕಪ್ಪಿನಲ್ಲಿ ಇಪ್ಪತ್ತು ವರ್ಷ ಅಂಗಡಿ, ಬೇಕರಿಗಳಿಗೆ ಮೊಟ್ಟೆ ಹಾಕಿದರು. ಅಷ್ಟೂ ವರ್ಷದಲ್ಲಿ ಒಂದು ದಿನ ಅವರ ಪಕ್ಕ ಕೂತವರಲ್ಲ ಈ ಪುಣ್ಯಾತ್ಗಿತ್ತಿ.

ಅತ್ತೆ ಕೆಲಸದಿಂದ ನಿವೃತ್ತಿಯಾದ ಆರೇ ತಿಂಗಳಿಗೆ ಯಜಮಾನರು ತೀರಿಕೊಂಡರು. ಮಗ ದರ್ಜಿ. ಹೊಲಿಗೆ ಯಂತ್ರದ ಪೆಡಲ್ ಬಿಟ್ಟು ಬೇರೆ ಪೆಡಲ್ ತುಳಿದವನಲ್ಲ, ಗಾಡಿಯಲ್ಲಿ ಕೂತರೆ ವಾಂತಿ. ಹಾಗಾಗಿ ಕೀಲಿ ಸೊಸೆಯ ಕೈಗೆ ಬಂತು. ಗಾಡಿ ಓಡಿಸುವುದನ್ನು ಮಾವನೇ ಅವಳಿಗೆ ಕಲಿಸಿದ್ದರು. ಅತ್ತೆ ಮಾತ್ರ ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತರು. ಊಟ ಅರ್ಧ, ಮಾತು ಅದಕ್ಕೂ ಅರ್ಧ. ಮೂರು ತಿಂಗಳು ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ಬಂದು, ಎಡಗಡೆಯ ಸಿಗ್ನಲ್ ಕೆಟ್ಟಿದೆ, ಎಡಕ್ಕೆ ತಿರುಗಲು ಭಯವಾಗುತ್ತದೆ, ರಿಪೇರಿಯಾಗುವವರೆಗೆ ಎರಡು ದಿನ ಬಂದು ಕೈ ತೋರಿಸಿ ಎಂದಳು. ಕೆಲಸ ಎಂದ ಮೇಲೆ ಇಲ್ಲವೆನ್ನುವವರಲ್ಲ ಅತ್ತೆ. ಎದ್ದು ಚಪ್ಪಲಿ ಮೆಟ್ಟಿದರು.

ಎರಡು ದಿನ ಹೋಗಿ ನಾಲ್ಕು ವರ್ಷವಾಯಿತು. ಹಳೇ ಗಾಡಿ, ಪಾರ್ಟು ಸಿಗುವುದಿಲ್ಲ ಎಂದು ಸೊಸೆ ಹೇಳುತ್ತಲೇ ಬಂದಳು, ಸಿಗದಿರಲಿ ಎಂದು ಅತ್ತೆ ಒಳಗೊಳಗೇ ಬೇಡಿಕೊಳ್ಳುತ್ತಲೇ ಬಂದರು. ದಾರಿಯುದ್ದಕ್ಕೂ ಇಬ್ಬರಿಗೂ ಮಾತೋ ಮಾತು. ಆಸ್ಪತ್ರೆಯ ಹಳೆಯ ಡಾಕ್ಟರುಗಳು, ಬೇಕರಿಯವನ ಜಿಪುಣತನ, ಮಗ ಚಿಕ್ಕವನಿದ್ದಾಗ ಮಾಡಿದ ಭಾನಗಡಿಗಳು, ಒಂದನ್ನೂ ಬಿಡುತ್ತಿರಲಿಲ್ಲ. ಮಗ ಅಮ್ಮನ ಕೈಗೆಂದೇ ಹೊಳೆಯುವ ಪಟ್ಟಿ ಇಟ್ಟು ಕೆಂಪು ಬಟ್ಟೆಯ ತೋಳು ಹೊಲಿದುಕೊಟ್ಟಿದ್ದ.

ಹೀಗಿರುವಾಗ ಹೋದ ವಾರ ಒಬ್ಬ ಬೈಕಿನವನು ಎಡಗಡೆಯಿಂದ ನುಗ್ಗಿದ. ಅವನ ಕನ್ನಡಿ ಅತ್ತೆಯ ಮೊಣಕೈಗೆ ಬಡಿಯಿತು. ಮೂಳೆಗೆ ಏನೂ ಆಗಲಿಲ್ಲ, ಒಂದು ಕಡೆ ನೀಲಿಗಟ್ಟಿತು ಅಷ್ಟೆ. ಅತ್ತೆ ಅವನ ಏಳು ತಲೆಮಾರಿನ ವಿಚಾರಣೆ ಮುಗಿಸಿ ಈಚೆ ತಿರುಗಿದರೆ ಸೊಸೆ ಗಾಡಿ ನಿಲ್ಲಿಸಿಕೊಂಡು ಆ ಮೊಣಕೈಯನ್ನೇ ನೋಡುತ್ತಿದ್ದಳು. ಅತ್ತೆಯ ಕೈಯನ್ನು ಒಳಕ್ಕೆ ಎಳೆದು ಕಿಟಕಿಯ ಗಾಜು ಏರಿಸಿದಳು. ಅಂದು ಸಂಜೆ ಅವಳು ಮನೆಯಲ್ಲಿ ಹೇಳಿಬಿಟ್ಟಳು: ಭಾನುವಾರ ಹಿಂದಿನ ಲೈಟುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿಸುವುದು, ಎಡಗಡೆಯ ಸಿಗ್ನಲ್ಲೂ ಸರಿಮಾಡಿಸುವುದು, ಇನ್ನು ಮೇಲೆ ಯಾರೂ ಕೈ ಹೊರಗೆ ಹಾಕುವಂತಿಲ್ಲ.

ಒಳ್ಳೆಯದಾಯಿತು ಎಂದ ಮಗ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಮ್ಮನೂ ಆರಾಮಾಗಿ ಮನೆಯಲ್ಲಿರಬಹುದು, ಮುಂದಿನ ಸೀಟಿನಲ್ಲಿ ಇನ್ನೂ ಹನ್ನೆರಡು ಟ್ರೇ ಹಿಡಿಯುತ್ತದೆ ಎಂದೂ ಸೇರಿಸಿದ. ಅತ್ತೆ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ಸುಳ್ಳಲ್ಲ, ಈಗ ಮೊಟ್ಟೆಗೂ ಒಂದು ಕಾಲ ಬಂತು ಎಂದುಕೊಂಡರು. ಆ ಸೀಟು ಹೋದರೆ ಉಳಿಯುವುದು ಕಿಟಕಿಯ ಪಕ್ಕದ ಆ ಕುರ್ಚಿ.

ಭಾನುವಾರ ಅವರೂ ಜೊತೆಗೆ ಹೊರಟರು. ರಿಪೇರಿ ನೋಡಲು ಎಂದು ಹೇಳಿದರು. ಕೆಡುವುದಾದರೆ ಕಣ್ಣಾರೆ ನೋಡೋಣ ಎಂಬುದು ಒಳಗಿನ ಆಸೆ.

ಗಾಡಿ ವೈರಿಂಗ್ ಮಾಡುವ ಮೇಸ್ತ್ರಿಗೆ ಬ್ಯಾಟರಿ ಎಂದು ಅಡ್ಡಹೆಸರು, ಮಾತಾಡಲು ಶುರುಮಾಡಿದರೆ ಇಳಿಯುವುದೇ ಇಲ್ಲವಲ್ಲ, ಅದಕ್ಕೆ. ಅಂಗಡಿಯೆಂದರೆ ಒಂದು ತಗಡಿನ ಷೆಡ್ಡು, ಗೋಡೆಯ ತುಂಬ ಮೊಳೆ, ಮೊಳೆಗೊಂದು ಬಣ್ಣದ ವೈರಿನ ಸುರುಳಿ. ಅವನು ತುಕ್ಕು ಹಿಡಿದ ಸ್ಕ್ರೂಗಳನ್ನು ಬೈದುಕೊಂಡೇ ಬಿಚ್ಚಿದ, ಹಳದಿಗಟ್ಟಿದ ಹಳೆಯ ಲೈಟುಗಳನ್ನು ಕೆಳಗಿಟ್ಟ, ಹೊಸ ಎಲ್‌ಇಡಿ ಕೂರಿಸಿದ. ಸೊಸೆ ಬ್ರೇಕ್ ಒತ್ತಿದಳು. ಕೆಂಪು ಬೆಳಕು ಹಗಲಿನಲ್ಲೂ ಕಣ್ಣಿಗೆ ಹೊಡೆಯಿತು. ಚೆನ್ನಾಗಿದೆ ಎಂದು ಅತ್ತೆಗೂ ಅನಿಸಿತು, ಹೇಳಲಿಲ್ಲ.

ಆಮೇಲೆ ಬಲಗಡೆಯ ಸಿಗ್ನಲ್. ಅದು ಒಂದು ಲಯವಿಲ್ಲದೆ, ಕೆಂಡ ತುಳಿದವರಂತೆ ಪಟಪಟನೆ ಮಿನುಗತೊಡಗಿತು. ಎಡಗಡೆಯದು ಮಿಸುಕಲೇ ಇಲ್ಲ. ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಒಂದಕ್ಕೆ ಚಳಿಜ್ವರ, ಇನ್ನೊಂದಕ್ಕೆ ಜೀವಾನೇ ಇಲ್ಲ. ಹಳೇದೇ ಹಾಕ್ಬಿಡಪ್ಪ," ಎಂದರು.

ಬ್ಯಾಟರಿ ನಕ್ಕು ವಿವರಿಸಿದ. ಮಿನುಗಿಸುವ ರಿಲೇ ಹಳೇ ಕಾಲದ್ದು, ಅದು ಬಲ್ಬು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ನೋಡುತ್ತದೆ. ಎಲ್‌ಇಡಿ ಎಳೆಯುವುದು ಚೂರೇ ಚೂರು. ಹಾಗಾಗಿ ಬಲ್ಬು ಸುಟ್ಟುಹೋಗಿದೆ ಎಂದು ತಿಳಿದು ರಿಲೇ ಗಾಬರಿಯಿಂದ ಬಡಿದುಕೊಳ್ಳುತ್ತದೆ. ಎಲ್‌ಇಡಿಯದೇ ಬೇರೆ ರಿಲೇ ಬರುತ್ತದೆ, ಹಾಕಿದರೆ ಮುಗಿಯಿತು. ಅತ್ತೆಯ ಮುಖ ಸಪ್ಪಗಾಯಿತು. ಅವನು ಟೆಸ್ಟ್ ಲ್ಯಾಂಪ್ ಹಿಡಿದು ಎಡಗಡೆಯ ವೈರಿನ ಬೆನ್ನುಹತ್ತಿದ. ಹಿಂದಿನಿಂದ ಮುಂದಕ್ಕೆ ಬಂದು, ಕೊನೆಗೆ ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ ತಲೆ ತೂರಿಸಿದ.

"ಇದು ತಾನಾಗೇ ಕೆಟ್ಟಿದ್ದಲ್ಲ ಅಮ್ಮಾವ್ರೇ," ಎಂದ ಒಳಗಿನಿಂದಲೇ. "ಯಾರೋ ಬೇಕು ಅಂತ್ಲೇ ಕತ್ತರಿಸಿದ್ದಾರೆ. ಕತ್ತರಿಸಿ ಎರಡೂ ತುದಿಗೆ ಟೇಪ್ ಸುತ್ತಿದ್ದಾರೆ, ನೋಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೊಸೆಗೆ ಆ ಕ್ಷಣದಲ್ಲೇ ಖಾಲಿ ಟ್ರೇಗಳನ್ನು ಜೋಡಿಸುವ ತುರ್ತು ಬಂತು. ಅತ್ತೆ ಬಗ್ಗಿ ನೋಡಿದರು. ಕಪ್ಪು ಟೇಪು, ಒತ್ತಿ ಒತ್ತಿ ಸುತ್ತಿದ್ದು. ತುದಿಯನ್ನು ಚೂರು ಒಳಕ್ಕೆ ಮಡಚಲಾಗಿತ್ತು, ಮತ್ತೆ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು. ಮನೆಯಲ್ಲಿ ಮೊಟ್ಟೆ ಡಬ್ಬದ ಟೇಪಿನಿಂದ ಹಿಡಿದು ಔಷಧಿಯ ಪಟ್ಟಿಯವರೆಗೆ ಹೀಗೆ ತುದಿ ಮಡಚುವವಳು ಒಬ್ಬಳೇ.

ಬ್ಯಾಟರಿ ಹೊಸ ರಿಲೇ ತರಲು ಪಕ್ಕದ ಬೀದಿಯ ಬಿಡಿಭಾಗದ ಅಂಗಡಿಗೆ ಹೋದ. ಷೆಡ್ಡಿನಲ್ಲಿ ಇಬ್ಬರೇ ಉಳಿದರು.

"ನೀನೇನಾ?"

ಸೊಸೆ ತಲೆ ತಗ್ಗಿಸಿ ಹೂಂ ಎಂದಳು.

ಅತ್ತೆಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಚಳಿ, ಬಿಸಿಲು ಎನ್ನದೆ ಕೈ ಚಾಚಿದ್ದು, ಊರವರ ಕೈಲಿ ಸಿಗ್ನಲ್ ಅಜ್ಜಿ ಅನ್ನಿಸಿಕೊಂಡಿದ್ದು, ಎಲ್ಲ ಸುಳ್ಳಾಯಿತಲ್ಲ. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ನನಗೊಂದು ಕೆಲಸ ಕೊಟ್ಟೆಯಾ ಎಂದು ಕೇಳಿದರು.

"ಬನ್ನಿ ಅಂತ ಸುಮ್ಮನೆ ಕರೆದಿದ್ರೆ ನೀವು ಬರ್ತಿದ್ರಾ ಅತ್ತೆ?" ಎಂದಳು ಸೊಸೆ. "ಆ ಕುರ್ಚೀಲಿ ನಿಮ್ಮನ್ನ ನೋಡೋಕಾಗ್ತಿರಲಿಲ್ಲ. ಅದಕ್ಕೇ ಕತ್ತರಿಸಿದೆ."

"ಸರಿ, ನಾನು ಹುಷಾರಾದೆನಲ್ಲ. ಆಮೇಲಾದ್ರೂ ಜೋಡಿಸಬಹುದಿತ್ತಲ್ಲ? ಎರಡು ನಿಮಿಷದ ಕೆಲಸ."

ಸೊಸೆ ಕೈಲಿದ್ದ ಟ್ರೇಯನ್ನು ಕೆಳಗಿಟ್ಟಳು.

"ಮೊದಲನೇ ತಿಂಗಳು ನಿಮಗೋಸ್ಕರ ಅತ್ತೆ. ಆಮೇಲಿನ ನಾಲ್ಕು ವರ್ಷ ನನಗೋಸ್ಕರ. ನೀವಿಲ್ದೆ ಆ ದಾರಿ ಸಾಗಲ್ಲ ನಂಗೆ."

ಅಷ್ಟರಲ್ಲಿ ಬ್ಯಾಟರಿ ಬಂದ. ರಿಲೇ ಹಾಕಿದ, ಕತ್ತರಿಸಿದ ವೈರು ಜೋಡಿಸಿದ. ಎಡಕ್ಕೂ ಬಲಕ್ಕೂ ದೀಪಗಳು ಟಿಕ್ ಟಿಕ್ ಎಂದು ಒಂದೇ ಸಮನೆ ಮಿನುಗಿದವು. ನೋಡಿ ಅಮ್ಮಾವ್ರೇ ಎಂದು ಅವನು ಬೀಗಿದರೆ ಅಮ್ಮಾವ್ರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಷೆಡ್ಡಿನ ಧೂಳು ಎಂದರು.

ಮರುದಿನ ಬೆಳಿಗ್ಗೆ ಆರಕ್ಕೆ ಸೊಸೆ ಟ್ರೇಗಳನ್ನು ಹೇರಿದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮುಂದಿನ ಸೀಟಿನಲ್ಲಿ ಒಂದು ಟ್ರೇಯನ್ನೂ ಇಟ್ಟಿರಲಿಲ್ಲ. ಕರೆದರೆ ಹೋಗಬಹುದಿತ್ತು, ಸೊಸೆ ಕರೆಯಲಿಲ್ಲ. ಕರೆಯಲು ಅವಳ ಹತ್ತಿರ ಈಗ ನೆಪವೂ ಇರಲಿಲ್ಲ. ಇಂಜಿನ್ ಶುರುಮಾಡಿ ಸುಮ್ಮನೆ ಕಾಯುತ್ತಿದ್ದಳು. ಅರವತ್ತನಾಲ್ಕು ವರ್ಷದಲ್ಲಿ ಕೆಲಸವಿಲ್ಲದೆ ಹೊಸಿಲು ದಾಟಿ ಗೊತ್ತಿಲ್ಲದ ಹೆಂಗಸಿಗೆ ಆ ಹತ್ತು ಹೆಜ್ಜೆ ಭಾರಿ ಕಷ್ಟದ್ದಾಯಿತು. ಆದರೂ ಅತ್ತೆ ಚಪ್ಪಲಿ ಮೆಟ್ಟಿ ನಡೆದರು, ಬಾಗಿಲು ತೆಗೆದು ಕೂತರು, ಹೊರಡು ಇನ್ನು, ಹೊತ್ತಾಯಿತು ಎಂದು ಗದರಿದರು. ಮೊದಲ ತಿರುವು ದಾಟುವಷ್ಟರಲ್ಲಿ ಮಾತು ಶುರುವಾಗಿತ್ತು.

ಬೇಕರಿಯ ಮುಂದೆ ಗಾಡಿ ನಿಂತಿತು. ಬೇಕರಿಯವನು ಹಿಂದೆ ಹೋಗಿ ಹೊಸ ಲೈಟುಗಳನ್ನು ನೋಡಿಕೊಂಡು ಬಂದು ಅತ್ತೆಯ ಕಿಟಕಿಗೆ ಬಗ್ಗಿದ.

"ಸಿಗ್ನಲ್ ಸರಿಹೋಯ್ತಲ್ಲ ಅಜ್ಜಿ. ಇನ್ನೇನು ಕೆಲಸ ನಿಮಗಿಲ್ಲಿ?"

"ಕೆಲಸ ಏನೂ ಇಲ್ಲಪ್ಪ," ಎಂದರು ಅತ್ತೆ, ಟ್ರೇ ಇಳಿಸುತ್ತಿದ್ದ ಸೊಸೆಗೂ ಕೇಳುವಷ್ಟು ಜೋರಾಗಿ. "ಸೊಸೆ ಜೊತೆ ಸುಮ್ಮನೆ ಬಂದೆ."